ಕಾರಿಗೆ 5ಡಬ್ಲ್ಯು-30 ಎಂಜಿನ್ ಆಯಿಲ್ ಹಾಕಿಸಲಾ, ಅಂಗಡಿಯವರು ಹೇಳಿದ 20ಡಬ್ಲ್ಯು-50 ಹಾಕಿಸಲಾ? ಫಿಲ್ಟರ್ ಯಾವುದು ತಗೊಳ್ಳಲಿ?

ಮಂಡಕ್ಕಿ_ಮಿರ್ಚಿ
ಎಲ್ಲರಿಗೂ ನಮಸ್ಕಾರ. ಆರು ತಿಂಗಳ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. 2015ರ ಪೆಟ್ರೋಲ್ ಮಾಡೆಲ್, 68,000 ಕಿ.ಮೀ. ಓಡಿದೆ. ಕಂಪನಿ ಹೆಸರು ಹೇಳಲ್ಲ. ಹೇಳಿದರೆ ಎಲ್ಲರೂ ಮೈಲೇಜ್ ಎಷ್ಟು ಅಂತ ಶುರು ಮಾಡ್ತೀರಿ.

ಈಗ ಆಯಿಲ್ ಚೇಂಜ್ ಮಾಡಿಸಬೇಕು. ಆಯಿಲ್ ಹಾಕೋ ಮುಚ್ಚಳದ ಮೇಲೆ 5ಡಬ್ಲ್ಯು-30 ಅಂತ ಬರೆದಿದೆ. ಪಿ.ಬಿ. ರೋಡಿನ ಒಂದು ಅಂಗಡಿಗೆ ಹೋದೆ. ಅವರು, "ಅದೆಲ್ಲ ಚಳಿ ದೇಶಕ್ಕೆ ಸರ್, ದಾವಣಗೆರೆ ಬಿಸಿಲಿಗೆ 20ಡಬ್ಲ್ಯು-50 ಹಾಕಿ, ಎಂಜಿನ್ ತಣ್ಣಗಿರುತ್ತೆ" ಅಂದರು. ಗ್ಯಾರೇಜಿನವನು, "ಫಿಲ್ಟರ್ ಎರಡು ಸಲಕ್ಕೆ ಒಂದು ಸಲ ಬದಲಿಸಿದರೆ ಸಾಕು" ಅಂದ. ಬೆಂಗಳೂರಿನ ನಮ್ಮ ಭಾವ, "ಫುಲ್ ಸಿಂಥೆಟಿಕ್ ಹಾಕಿಬಿಡು, 15,000 ಕಿ.ಮೀ. ಮರೆತುಬಿಡು" ಅಂತಾರೆ. ಮೂರು ಜನ, ಮೂರು ಮಾತು.

ನನ್ನ ಓಡಾಟ ಅಂದರೆ ಮನೆಯಿಂದ ಕೆಲಸಕ್ಕೆ 4 ಕಿ.ಮೀ., ವಾಪಸ್ 4 ಕಿ.ಮೀ. ಎರಡು ತಿಂಗಳಿಗೊಮ್ಮೆ ಚಿತ್ರದುರ್ಗದ ಅತ್ತೆ ಮನೆ. ಅಷ್ಟೇ.

ಇನ್ನೊಂದು ವಿಷಯ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡು ಟಕಟಕ ಅಂತ ಸದ್ದು ಬರುತ್ತೆ, ಆಮೇಲೆ ನಿಲ್ಲುತ್ತೆ. ಇದಕ್ಕೂ ಆಯಿಲ್ಲಿಗೂ ಸಂಬಂಧ ಇದೆಯಾ?

ಕೊನೇ ಪ್ರಶ್ನೆ: ಅರ್ಧ ಲೀಟರ್ ಆಯಿಲ್ ಮಿಕ್ಕಿದರೆ ಅಪ್ಪನ ಸ್ಪ್ಲೆಂಡರಿಗೆ ಹಾಕಬಹುದಾ?

ಹಳೇ_ಸ್ಪ್ಲೆಂಡರ್
ಕೊನೇ ಪ್ರಶ್ನೆಗೆ ಮೊದಲು ಉತ್ತರ: ಬೇಡ. ಅಪ್ಪ ಬೈತಾರೆ.

ಕೋಟೆ_ಹುಡುಗ
ಮೈಲೇಜ್ ಎಷ್ಟು ಕೊಡುತ್ತೆ?

ಮಂಡಕ್ಕಿ_ಮಿರ್ಚಿ
@ಕೋಟೆ_ಹುಡುಗ ನೋಡಿದ್ರಾ, ಹೇಳಿದ್ದೆ ಅಲ್ವಾ.

ಲಾರಿ_ಲೋಕ
ಅಂಗಡಿಯವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಕಡೆ ಏಪ್ರಿಲ್ ಮೇನಲ್ಲಿ ರಸ್ತೆ ಮೇಲೆ ಬರಿಗಾಲಿಡೋಕಾಗಲ್ಲ. ತೆಳು ಆಯಿಲ್ ನೀರಿನ ಹಾಗೆ ಆಗಿಬಿಡುತ್ತೆ. ನಾನು 22 ವರ್ಷದಿಂದ ಲಾರಿ ಇಟ್ಟಿದ್ದೀನಿ. 15ಡಬ್ಲ್ಯು-40 ಬಿಟ್ಟು ಬೇರೆ ಮುಟ್ಟಿಲ್ಲ. ಒಂದು ಎಂಜಿನ್ನೂ ಕೈ ಕೊಟ್ಟಿಲ್ಲ. ದಪ್ಪ ಆಯಿಲ್ ಅಂದರೆ ದಪ್ಪ ರಕ್ಷಣೆ.

ಗ್ರೀಸ್_ಕೈ
ಲೋಕಣ್ಣ, ನಿಮ್ಮ ಲಾರಿಗೆ ಕಂಪನಿಯವರೇ 15ಡಬ್ಲ್ಯು-40 ಹೇಳಿದ್ದಾರೆ, ಅದಕ್ಕೇ ಕೈ ಕೊಟ್ಟಿಲ್ಲ. ಇವರ ಕಾರಿಗೆ ಹೇಳಿರೋದು 5ಡಬ್ಲ್ಯು-30. ನೀವು ಪುಸ್ತಕದ ಪ್ರಕಾರ ಹಾಕಿ, ಅವರಿಗೆ ಮಾತ್ರ ಪುಸ್ತಕ ಬಿಡಿ ಅಂದರೆ ಹೇಗೆ?

ನನ್ನ ಗ್ಯಾರೇಜ್ ಹರಿಹರದಲ್ಲಿದೆ. 20ಡಬ್ಲ್ಯು-50 ಕೆಟ್ಟ ಆಯಿಲ್ ಅಲ್ಲ. ಎಷ್ಟೋ ಹಳೇ ಗಾಡಿಗೆ, ಕೆಲವು ಪಲ್ಸರ್‌ಗಳಿಗೆ ಅದೇ ಗ್ರೇಡು. ಆದರೆ ಈಗಿನ ಸಣ್ಣ ಪೆಟ್ರೋಲ್ ಎಂಜಿನ್ನಿನಲ್ಲಿ ಬೇರಿಂಗ್ ಸಂದು ಕಡಿಮೆ, ಆಯಿಲ್ ಹೋಗೋ ದಾರಿ ಸಣ್ಣದು. ಅಲ್ಲಿಗೆ ಮಂದವಾದ ಆಯಿಲ್ ಹೋಗಿ ತಲುಪೋಷ್ಟರಲ್ಲಿ ಮೇಲೆ ವಾಲ್ ತೆರೆಯೋ ಕ್ಯಾಮ್‌ಶಾಫ್ಟು ಒಣಗಿ ತಿರುಗುತ್ತಿರುತ್ತೆ.

ಮಿರ್ಚಿ ಸರ್, ಆ ಟಕಟಕ ಸದ್ದು ರಾತ್ರಿಯಿಡೀ ನಿಂತ ಮೇಲೆ ಮಾತ್ರ ಬರುತ್ತಾ, ಮಧ್ಯಾಹ್ನ ಊಟಕ್ಕೆ ಬಂದು ಮತ್ತೆ ಹೊರಟಾಗಲೂ ಬರುತ್ತಾ?

ಮಂಡಕ್ಕಿ_ಮಿರ್ಚಿ
ರಾತ್ರಿ ನಿಂತ ಮೇಲೆ ಮಾತ್ರ ಸರ್. ಭಾನುವಾರ ಮಲಗಿಸಿ ಸೋಮವಾರ ತೆಗೆದರೆ ಇನ್ನೂ ಜಾಸ್ತಿ.

ಗ್ರೀಸ್_ಕೈ
ಹಾಗಾದರೆ ನೀವು ಗ್ರೇಡಿನ ಮೇಲೆ ತಲೆ ಕೆಡಿಸಿಕೊಂಡಿದ್ದೀರಿ, ನನಗೆ ಫಿಲ್ಟರ್ ಮೇಲೆ ಅನುಮಾನ. ಸಂಜೆ ಬರೀತೀನಿ, ಈಗ ಒಂದು ಕ್ಲಚ್ ಇಳಿಸಿದ್ದೀನಿ.

ಲಾರಿ_ಲೋಕ
ಬಿಸಿಲಿನ ಮಾತಿಗೆ ಯಾರೂ ಉತ್ತರ ಕೊಟ್ಟಿಲ್ಲ.

ಡಿಪ್‌ಸ್ಟಿಕ್
ನಾನು ಕೊಡ್ತೀನಿ ಲೋಕಣ್ಣ. ನಾನು ಮೆಕ್ಯಾನಿಕ್ ಅಲ್ಲ, ಲೂಬ್ರಿಕೆಂಟ್ ಟೆಸ್ಟಿಂಗ್ ಲ್ಯಾಬಿನಲ್ಲಿ ಸ್ವಲ್ಪ ವರ್ಷ ಇದ್ದವನು.

ಡಬ್ಲ್ಯು ಅಂದರೆ ವಿಂಟರ್. 5ಡಬ್ಲ್ಯು ಆಯಿಲನ್ನು ಮೈನಸ್ 30 ಡಿಗ್ರಿಯಲ್ಲಿ, 20ಡಬ್ಲ್ಯು ಆಯಿಲನ್ನು ಮೈನಸ್ 15ರಲ್ಲಿ ಪರೀಕ್ಷೆ ಮಾಡ್ತಾರೆ, ಎಂಜಿನ್ ತಿರುಗೋಕೆ ಬಿಡುತ್ತಾ ಇಲ್ವಾ ಅಂತ. ನಮ್ಮೂರಲ್ಲಿ ಮೈನಸ್ ಅನ್ನೋದು ಬ್ಯಾಂಕ್ ಖಾತೆಯಲ್ಲಿ ಮಾತ್ರ. ಅಷ್ಟು ಮಟ್ಟಿಗೆ ಅಂಗಡಿಯವರ ಮಾತು ನಿಜ ಅನ್ನಿಸುತ್ತೆ.

ಆದರೆ ಎರಡನೇ ಅಂಕಿ ನೋಡಿ. ಅದು 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ಮಂದ ಇರುತ್ತೆ ಅನ್ನೋದು. 30 ಅಂದರೆ 9.3ರಿಂದ 12.5 ಸೆಂಟಿಸ್ಟೋಕ್ (ಮಂದ ಅಳೆಯೋ ಮಾನ), 50 ಅಂದರೆ 16.3ರಿಂದ 21.9. ಕಾರಿನ ಎಂಜಿನ್ನಿಗೆ ಥರ್ಮೋಸ್ಟಾಟ್ ಇದೆ, ರೇಡಿಯೇಟರ್ ಇದೆ, ಫ್ಯಾನ್ ಇದೆ. ಹೊರಗೆ 20 ಇರಲಿ 40 ಇರಲಿ, ಒಳಗಿನ ನೀರು ಹತ್ತಿರ ಹತ್ತಿರ 90 ಡಿಗ್ರಿಯಲ್ಲೇ ನಿಲ್ಲುತ್ತೆ. ಕಂಪನಿಯವರು 30 ಸಾಕು ಅಂದಿರೋದು ಆ ಬಿಸಿಯನ್ನು ಲೆಕ್ಕ ಹಾಕಿಯೇ. ದಾವಣಗೆರೆ ಬಿಸಿಲು 40 ಇದ್ದರೂ ಎಂಜಿನ್ನಿನ ಒಳಗಿನ ಬಿಸಿ ಮುಂದೆ ಅದು ತಂಪು ಹವಾನೇ.

ಇನ್ನು ಬೆಳಿಗ್ಗೆ 25 ಡಿಗ್ರಿ. ಎಂಜಿನ್ ಲೆಕ್ಕದಲ್ಲಿ ಅದು ಚಳಿ. 40 ಡಿಗ್ರಿಯಲ್ಲೇ ಅಳೆದರೂ 5ಡಬ್ಲ್ಯು-30 ಸಾಮಾನ್ಯವಾಗಿ 60-70 ಸೆಂಟಿಸ್ಟೋಕ್ ಇದ್ದರೆ, 20ಡಬ್ಲ್ಯು-50 ಅದರ ಎರಡು ಪಟ್ಟಿಗಿಂತ ಜಾಸ್ತಿ ಇರುತ್ತೆ. ಇವರು ಓಡಿಸೋದು 4 ಕಿ.ಮೀ. ಆಯಿಲ್ ಸರಿಯಾಗಿ ಬಿಸಿ ಆಗೋಕೆ ಮುಂಚೆ ಆಫೀಸ್ ಬಂದಿರುತ್ತೆ. ಅಂದರೆ ಇವರ ಎಂಜಿನ್ ಬದುಕೆಲ್ಲ ಚಳಿಯಲ್ಲೇ.

ಬುಲೆಟ್_ಬೀರ
ಹಾಗಾದರೆ ನನ್ನ ಬುಲೆಟ್ಟಿಗೆ ಯಾಕೆ 15ಡಬ್ಲ್ಯು-50 ಹೇಳ್ತಾರೆ? ಅದೂ ಈಗಿನ ಗಾಡಿನೇ ಅಲ್ವಾ?

ಡಿಪ್‌ಸ್ಟಿಕ್
ಒಳ್ಳೇ ಪ್ರಶ್ನೆ. ಅದು ಗಾಳಿಯಿಂದ ತಣ್ಣಗಾಗೋ ಎಂಜಿನ್. ನೀರಿಲ್ಲ, ಥರ್ಮೋಸ್ಟಾಟ್ ಇಲ್ಲ. ಸಿಗ್ನಲ್ಲಿನಲ್ಲಿ ನಿಂತರೆ ಗಾಳಿನೂ ಇಲ್ಲ. ಅಲ್ಲಿ ಹೊರಗಿನ ಬಿಸಿಲು ನೇರವಾಗಿ ಆಯಿಲ್ಲಿಗೆ ತಟ್ಟುತ್ತೆ. ಜೊತೆಗೆ ಒಂದೇ ಆಯಿಲ್ ಎಂಜಿನ್, ಕ್ಲಚ್, ಗೇರ್ ಮೂರನ್ನೂ ನೋಡಿಕೊಳ್ಳಬೇಕು. ಗೇರಿನ ಹಲ್ಲುಗಳು ಆಯಿಲನ್ನು ಅರೆದು ತೆಳು ಮಾಡ್ತವೆ. ಲೋಕಣ್ಣನ ಬಿಸಿಲಿನ ವಾದ ಬೈಕಿಗೆ ಸ್ವಲ್ಪ ನಿಜ, ಕಾರಿಗೆ ಅಲ್ಲ.

ಲಾರಿ_ಲೋಕ
ಸ್ವಲ್ಪ ನಿಜ ಅಂದ್ರಲ್ಲ, ಅಷ್ಟು ಸಾಕು.

ಬಿಳಿ_ಸ್ಕೂಟರ್
ನಾನು ವಿದ್ಯಾನಗರ. ನನ್ನದು ಆಕ್ಟಿವಾ. ಪಕ್ಕದ ಮನೆ ಹುಡುಗ ಬೈಕಿನ ಆಯಿಲ್ಲೇ ಹಾಕಿದ್ದಾನೆ, "ಎರಡೂ 10ಡಬ್ಲ್ಯು-30 ಆಂಟಿ, ಒಂದೇ" ಅಂತ. ಒಂದೇನಾ? (ಆಂಟಿ ಅಂದಿದ್ದಕ್ಕೆ ಬೇರೆ ಕೋಪ ಇದೆ.)

ಗ್ರೀಸ್_ಕೈ
ಮೇಡಂ, ನಂಬರ್ ಒಂದೇ, ಆಯಿಲ್ ಬೇರೆ. ಡಬ್ಬದ ಹಿಂದೆ ಜಾಸೋ (ಜಪಾನಿನ ಗುಣಮಟ್ಟದ ಗುರುತು) ಅಂತ ಸಣ್ಣ ಚೌಕ ಇರುತ್ತೆ. ಬೈಕಿಗೆ ಎಂಎ ಅಥವಾ ಎಂಎ2. ಸ್ಕೂಟರಿಗೆ ಎಂಬಿ. ಬೈಕಿನ ಕ್ಲಚ್ ಪ್ಲೇಟ್ ಆಯಿಲ್ಲಿನಲ್ಲೇ ಮುಳುಗಿರುತ್ತೆ. ಜಾರಬಾರದು, ಹಿಡಿಬೇಕು. ಸ್ಕೂಟರಿನ ಕ್ಲಚ್ ಬೆಲ್ಟಿನ ಕಡೆ ಒಣಗಿ ಕೂತಿರುತ್ತೆ, ಅಲ್ಲಿಗೆ ಎಂಜಿನ್ ಆಯಿಲ್ ಹೋಗೋದೇ ಇಲ್ಲ. ಅದಕ್ಕೇ ಸ್ಕೂಟರ್ ಆಯಿಲ್ಲಿಗೆ ಜಾರುವ ಗುಣ ಜಾಸ್ತಿ ಕೊಟ್ಟಿರ್ತಾರೆ. ಬೈಕ್ ಆಯಿಲ್ ಸ್ಕೂಟರಿಗೆ ಹಾಕಿದರೆ ಅಪಾಯ ಏನಿಲ್ಲ, ಮೈಲೇಜ್ ಸ್ವಲ್ಪ ಕಡಿಮೆ ಆಗಬಹುದು. ಸ್ಕೂಟರ್ ಆಯಿಲ್ ಬೈಕಿಗೆ ಹಾಕಿದರೆ ಮಾತ್ರ ಕ್ಲಚ್ ಸ್ಲಿಪ್. ಮುಂದಿನ ಸಲ ಎಂಬಿ ಹಾಕಿಸಿ.

ಹಳೇ_ಸ್ಪ್ಲೆಂಡರ್
ಅದನ್ನೇ ನಾನು ಹೇಳೋಕೆ ಬಂದೆ. ನನ್ನದು 2004ರ ಗಾಡಿ. ಒಂದು ಸಲ ಅಣ್ಣನ ಕಾರಿಗೆ ಹಾಕಿ ಮಿಕ್ಕಿದ್ದ ಆಯಿಲ್ ಇತ್ತು. ದುಬಾರಿ ಸಿಂಥೆಟಿಕ್, ಚೆಲ್ಲೋಕೆ ಮನಸ್ಸು ಬರಲಿಲ್ಲ. ಸ್ಪ್ಲೆಂಡರಿಗೆ ಸುರಿದೆ. ಎರಡು ದಿನ ರೇಷ್ಮೆ ಹಾಗೆ ಓಡ್ತು, ಊರಿಗೆಲ್ಲ ಹೇಳಿಕೊಂಡು ಬಂದೆ. ಮೂರನೇ ದಿನ ಚಿತ್ರದುರ್ಗದ ಜೋಗಿಮಟ್ಟಿ ಏರು ಹತ್ತುವಾಗ ಎಕ್ಸಲೇಟರ್ ಕೊಟ್ಟರೆ ಎಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ. ಹಿಂದೆ ಹೆಂಡತಿ. ಅವಳು ಇಳಿದು ನಡೆದಳು. ಕ್ಲಚ್ ಪ್ಲೇಟ್ ಸೆಟ್, ಹೊಸ ಆಯಿಲ್, ಲೇಬರ್ ಎಲ್ಲ ಸೇರಿ ಆ ಅರ್ಧ ಲೀಟರಿನ ನಾಲ್ಕು ಪಟ್ಟು ಹೋಯ್ತು. ಅವಳು ನಡೆದ ಲೆಕ್ಕ ಇನ್ನೂ ಮುಗಿದಿಲ್ಲ.

ಮತ್ತೆ ಸ್ಪ್ಲೆಂಡರಿಗೆ ಫಿಲ್ಟರ್ ಕೊಡಿ ಅಂತ ಅಂಗಡಿಗೆ ಹೋಗಬೇಡಿ, ನಗ್ತಾರೆ. ಅದಕ್ಕೆ ಪೇಪರ್ ಫಿಲ್ಟರ್ ಇಲ್ಲ. ಒಳಗೆ ಒಂದು ಜಾಲರಿ, ಇನ್ನೊಂದು ತಿರುಗಿ ಕಸ ಎಸೆಯೋ ಬಟ್ಟಲು. ಕ್ಲಚ್ ಕವರ್ ಬಿಚ್ಚಿದಾಗ ಎರಡನ್ನೂ ತೊಳೆಸಿ. ನನ್ನ ಗಾಡಿ ಬಟ್ಟಲಲ್ಲಿ ಕಾಡಿಗೆ ಹಾಗೆ ಮೆತ್ತಿಕೊಂಡಿತ್ತು, ಸ್ಕ್ರೂಡ್ರೈವರಿನಲ್ಲಿ ಕೆರೆದು ತೆಗೆದರು.

ಕೋಟೆ_ಹುಡುಗ
ಜೋಗಿಮಟ್ಟಿ ಏರು ಅಂದ್ರೆ ನಮ್ಮ ಊರು. ದಾವಣಗೆರೆಯವರಿಗೆ ಏರು ಅನ್ನೋದೇ ಗೊತ್ತಿಲ್ಲ, ಮೇಜಿನ ಹಾಗೆ ಇದೆ ನಿಮ್ಮೂರು.

ಬೆಣ್ಣೆ_ಜಾಸ್ತಿ
1997ರಲ್ಲೇ ಚಿತ್ರದುರ್ಗದಿಂದ ನಮ್ಮ ಜಿಲ್ಲೆ ಬೇರೆ ಆಯ್ತು, ಇನ್ನೂ ಹೊಟ್ಟೆಕಿಚ್ಚು ಹೋಗಿಲ್ಲ ನೋಡಿ.

ಕೋಟೆ_ಹುಡುಗ
ನಿಮಗೆ ದೋಸೆ, ನಮಗೆ ಕೋಟೆ. ಯಾವುದು ಜಾಸ್ತಿ ದಿನ ಇರುತ್ತೆ?

ಮಂಡಕ್ಕಿ_ಮಿರ್ಚಿ
ಅಣ್ಣಂದಿರಾ, ಫಿಲ್ಟರ್...

ಗ್ರೀಸ್_ಕೈ
ಬಂದೆ ಸರ್.

ನಿಮ್ಮ ಕಾರಿಂದು ತಿರುಗಿಸಿ ಹಾಕೋ ಡಬ್ಬಿ ಫಿಲ್ಟರ್ ಅಂದ್ಕೊಂಡಿದ್ದೀನಿ. ಅದನ್ನು ಬೋರಲು ಹಾಕಿ ನೋಡಿದರೆ ಮಧ್ಯೆ ಒಂದು ದೊಡ್ಡ ತೂತು, ಅದಕ್ಕೆ ಥ್ರೆಡ್. ಸುತ್ತ ಸಣ್ಣ ತೂತುಗಳು. ಆ ಸಣ್ಣ ತೂತುಗಳ ಹಿಂದೆ ಒಂದು ರಬ್ಬರ್ ಪೊರೆ ಕಾಣುತ್ತೆ. ಆಯಿಲ್ ಒಳಗೆ ಹೋಗೋಕೆ ಬಿಡುತ್ತೆ, ಎಂಜಿನ್ ಆಫ್ ಆದಾಗ ವಾಪಸ್ ಇಳಿಯೋಕೆ ಬಿಡಲ್ಲ. ಸೈಕಲ್ ಟ್ಯೂಬಿನ ವಾಲ್ ಇದ್ದ ಹಾಗೆ. ಫಿಲ್ಟರ್ ಅಡ್ಡಡ್ಡ ಅಥವಾ ಓರೆ ಕೂತಿದ್ದರೆ ಇದು ಸರಿಯಿರಲೇಬೇಕು. ಇಲ್ಲದಿದ್ದರೆ ರಾತ್ರಿಯೆಲ್ಲ ಆಯಿಲ್ ಮೆಲ್ಲಗೆ ಎಂಜಿನ್ ಕೆಳಗೆ ಆಯಿಲ್ ನಿಲ್ಲೋ ಚೇಂಬರಿಗೆ ಇಳಿದುಬಿಡುತ್ತೆ. ಬೆಳಿಗ್ಗೆ ಪಂಪು ಮೊದಲು ಫಿಲ್ಟರ್ ತುಂಬಿಸಬೇಕು, ಆಮೇಲೆ ಮೇಲಕ್ಕೆ ಕಳಿಸಬೇಕು. ನಿಮಗೆ ಕೇಳಿಸೋ ಎರಡು ಮೂರು ಸೆಕೆಂಡು ಅದೇ ಇರಬೇಕು. ಮಧ್ಯಾಹ್ನ ಬರಲ್ಲ ಅಂದ್ರಲ್ಲ, ಅದಕ್ಕೇ ಅನುಮಾನ ಬಂತು.

ಅಗ್ಗದ ಫಿಲ್ಟರಿನಲ್ಲಿ ಈ ರಬ್ಬರು ಬೇಗ ಗಟ್ಟಿಯಾಗುತ್ತೆ. ಹೊರಗಿನಿಂದ ನೋಡಿದರೆ ಬಣ್ಣ, ಪೆಟ್ಟಿಗೆ ಎಲ್ಲ ಒರಿಜಿನಲ್ ಥರಾನೇ. ಇನ್ನೊಂದು ವಾಲ್ ಇರುತ್ತೆ ಒಳಗೆ. ಪೇಪರ್ ಕಟ್ಟಿಕೊಂಡರೆ ಅದು ತೆರೆದು, ಸೋಸದ ಆಯಿಲನ್ನೇ ಎಂಜಿನ್ನಿಗೆ ಬಿಡುತ್ತೆ. ಆಯಿಲ್ ಇಲ್ಲದೆ ಇರೋದಕ್ಕಿಂತ ಕೊಳೆ ಆಯಿಲ್ ವಾಸಿ ಅಂತ. ಈಗ ಹೇಳಿ, ಫಿಲ್ಟರ್ ಎರಡು ಸಲಕ್ಕೆ ಒಂದು ಸಲ ಬದಲಿಸಿದರೆ ಏನಾಗುತ್ತೆ? ಹೊಸ ಆಯಿಲ್ ಹಳೇ ಕೊಳೆಯಲ್ಲಿ ಸೋಸಿಕೊಂಡು ಬರುತ್ತೆ. ಟೀಪುಡಿ ಬದಲಿಸಿ ಚರಟ ಮಾತ್ರ ಜರಡಿಯಲ್ಲಿ ಹಾಗೇ ಇಟ್ಟ ಹಾಗೆ. ಪ್ರತಿ ಸಲ ಬದಲಿಸಿ.

ಥ್ರೆಡ್ ಕೂತಿತು ಅಂತ ಬೇರೆ ಗಾಡಿ ಫಿಲ್ಟರ್ ಹಾಕಿಸಬೇಡಿ. ಪಾರ್ಟ್ ನಂಬರ್ ಹೇಳಿ ತಗೊಳ್ಳಿ.

ಡಿಪ್‌ಸ್ಟಿಕ್
ಗ್ರೀಸ್ ಕೈ ಹೇಳಿದ್ದು ಸರಿ, ಒಂದು ಮಾತು ಸೇರಿಸ್ತೀನಿ. ಆಯಿಲ್ ಲೈಟು ಕೂಡ ಜಾಸ್ತಿ ಹೊತ್ತು ಉರಿದರೆ, ಅಥವಾ ಓಡುವಾಗ ಮಿಣುಕಿದರೆ, ಆಗ ಚರ್ಚೆ ಮಾಡ್ತಾ ಕೂರಬೇಡಿ. ಎಂಜಿನ್ ಆಫ್ ಮಾಡಿ.

ಜೋಳದ_ಹೊಲ
ಜಗಳೂರು ಕಡೆಯಿಂದ ಬರೀತಾ ಇದ್ದೀನಿ. ನಮ್ಮ ಟ್ರ್ಯಾಕ್ಟರಿಗೆ ಕಿ.ಮೀ. ಲೆಕ್ಕ ಇಲ್ಲ, ಗಂಟೆ ಲೆಕ್ಕ. 250 ಗಂಟೆಗೆ ಆಯಿಲ್, ಫಿಲ್ಟರ್ ಎರಡೂ. ಮೆಕ್ಕೆಜೋಳದ ಒಕ್ಕಣೆ ಟೈಮಲ್ಲಿ ಮಷೀನ್ ಪಕ್ಕ ನಿಂತರೆ ಟ್ರ್ಯಾಕ್ಟರ್ ಬಣ್ಣ ಯಾವುದು ಅಂತ ಗೊತ್ತಾಗಲ್ಲ, ಅಷ್ಟು ಧೂಳು. ಆಗ ಅಷ್ಟು ಗಂಟೆ ಕಾಯಲ್ಲ, ಮೊದಲೇ ಇಳಿಸ್ತೀನಿ.

ನೀವೆಲ್ಲ ಆಯಿಲ್ ಫಿಲ್ಟರ್ ಅಂತೀರಿ, ಏರ್ ಫಿಲ್ಟರ್ ಯಾರೂ ಎತ್ತಲಿಲ್ಲ. ಧೂಳು ಒಳಗೆ ಬರೋದೇ ಗಾಳಿ ಜೊತೆ. ಅಲ್ಲಿ ಬಿಟ್ಟರೆ ಆಯಿಲ್ಲಿಗೆ ಬರುತ್ತೆ, ಅಲ್ಲಿಂದ ಬೇರಿಂಗಿಗೆ. ನಮ್ಮ ಹಳೇ ಟ್ರ್ಯಾಕ್ಟರಿನಲ್ಲಿ ಏರ್ ಕ್ಲೀನರ್ ಕೆಳಗೆ ಆಯಿಲ್ ಬಟ್ಟಲು ಇದೆ. ಧೂಳಿನ ದಿನ ಸಂಜೆ ಬಿಚ್ಚಿದರೆ ತಳದಲ್ಲಿ ಬೆರಳು ಗಾತ್ರ ಕೆಸರು.

ಸುಮ್ನೆ_ಓದುವವ
ಇಷ್ಟು ದಿನ ಆಯಿಲ್ ಕಪ್ಪಾದರೆ ಕೆಟ್ಟಿದೆ ಅಂದ್ಕೊಂಡಿದ್ದೆ. ನನ್ನ ಡೀಸೆಲ್ ಕಾರಿಂದು ಹಾಕಿಸಿದ ವಾರಕ್ಕೇ ಕಪ್ಪಾಯ್ತು. ಮೋಸ ಮಾಡಿದರಾ?

ಗ್ರೀಸ್_ಕೈ
ಇಲ್ಲ. ಡೀಸೆಲ್ಲಿನ ಮಸಿ ಹಿಡಿದಿಟ್ಟುಕೊಳ್ಳೋದೇ ಆಯಿಲ್ಲಿನ ಕೆಲಸ. ಕಪ್ಪಾದರೆ ಕೆಲಸ ಮಾಡ್ತಿದೆ ಅಂತ ಅರ್ಥ. ಹಾಲು ಹಾಕಿದ ಕಾಫಿ ಬಣ್ಣ ಬಂದರೆ ಮಾತ್ರ ಗಾಬರಿಯಾಗಿ, ನೀರು ಸೇರಿರಬಹುದು.

ಮಂಡಕ್ಕಿ_ಮಿರ್ಚಿ
ಅಯ್ಯೋ, ನನ್ನ ಮುಚ್ಚಳದ ಒಳಗೆ ಅದೇ ಬಣ್ಣದ ಕೆನೆ ಇದೆ!

ಡಿಪ್‌ಸ್ಟಿಕ್
ಗಾಬರಿ ಬೇಡ. ಡಿಪ್ ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ಎಳೆದು ನೋಡಿ. ಅಲ್ಲಿ ಆಯಿಲ್ ಬಣ್ಣ ಸರಿಯಿದ್ದು, ರೇಡಿಯೇಟರ್ ನೀರು ಕಡಿಮೆ ಆಗದೆ ಇದ್ದು, ಮುಚ್ಚಳದಲ್ಲಿ ಮಾತ್ರ ಕೆನೆ ಇದ್ದರೆ ಅದು ನಿಮ್ಮ 4 ಕಿ.ಮೀ. ಓಡಾಟದ ಪ್ರಸಾದ. ಪೆಟ್ರೋಲ್ ಉರಿದಾಗ ನೀರಿನ ಆವಿ ಬರುತ್ತೆ. ಎಂಜಿನ್ ಪೂರ್ತಿ ಬಿಸಿಯಾದರೆ ಅದು ಹಾರಿಹೋಗುತ್ತೆ. ನಿಮ್ಮದು ಬಿಸಿಯಾಗೋದೇ ಇಲ್ಲ, ಅಲ್ಲೇ ಕೂರುತ್ತೆ. ವಾರಕ್ಕೊಂದು ಸಲ ಹೈವೇಯಲ್ಲಿ ಅರ್ಧ ಗಂಟೆ ಓಡಿಸಿ.

ಇದಕ್ಕೇ ನಿಮ್ಮ ಭಾವನ 15,000 ಲೆಕ್ಕ ನಿಮಗೆ ಆಗಲ್ಲ. ಸಿಂಥೆಟಿಕ್ ಒಳ್ಳೇದೇ. ಆದರೆ ಅದರೊಳಗೂ ನೀರು, ಪೆಟ್ರೋಲ್ ಸೇರುತ್ತೆ. ಎಷ್ಟೋ ಕಂಪನಿಗಳು 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಅಂತ ಹೇಳ್ತವೆ. ಸಣ್ಣ ಓಡಾಟ, ಧೂಳು, ನಿಂತು ನಿಂತು ಹೋಗೋದು ಇದ್ದರೆ ಇನ್ನೂ ಬೇಗ ಅಂತ ಅದೇ ಪುಸ್ತಕದ ಇನ್ನೊಂದು ಪುಟದಲ್ಲಿ ಇರುತ್ತೆ. ಆ ಪುಟ ಯಾರೂ ಓದಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಆರು ತಿಂಗಳಿಗೊಮ್ಮೆ ಬದಲಿಸ್ತಿದ್ದೆ.

ಡಬ್ಬದ ಮೇಲೆ ಗುಣಮಟ್ಟದ ದರ್ಜೆ ಎಪಿಐ ಎಸ್‌ಎನ್ ಅಥವಾ ಎಸ್‌ಪಿ ಇರಲಿ. ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು. ಹೊಸದು ಹಳೇ ಪೆಟ್ರೋಲ್ ಗಾಡಿಗೂ ನಡೆಯುತ್ತೆ.

@ಸುಮ್ನೆ_ಓದುವವ ನಿಮ್ಮ ಡೀಸೆಲ್ 2020 ಏಪ್ರಿಲ್ ಆದಮೇಲಿನ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಯಾಗಿದ್ದರೆ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯೋ ಡಿಪಿಎಫ್ ಫಿಲ್ಟರ್ ಇರುತ್ತೆ. ಅದಕ್ಕೆ ಬೂದಿ ಕಡಿಮೆ ಬಿಡೋ ಆಯಿಲ್ಲೇ ಬೇಕು. ಲೋಕಣ್ಣನ ಲಾರಿ ಆಯಿಲ್ ಡ್ರಮ್ಮಿನಿಂದ ತಗೋಬೇಡಿ.

ಲಾರಿ_ಲೋಕ
ನನ್ನ ಡ್ರಮ್ಮಿನ ಸುದ್ದಿಗೆ ಯಾಕೆ ಬರ್ತೀರಿ!

ಬೆಣ್ಣೆ_ಜಾಸ್ತಿ
ಡೂಪ್ಲಿಕೇಟ್ ವಿಷಯ ಯಾರೂ ಹೇಳಲಿಲ್ಲ. ನನ್ನ ಅನುಭವ: ಒಂದು ಸಲ ಹಳೇ ಡಬ್ಬ ಕೊಳ್ಳೋಕೆ ಬಂದ ಗುಜರಿಯವನು ಖಾಲಿ ಆಯಿಲ್ ಕ್ಯಾನಿಗೆ ಒಳ್ಳೇ ದುಡ್ಡು ಕೊಡ್ತೀನಿ ಅಂದ, ಆದರೆ ಮುಚ್ಚಳ ಜೊತೆಗಿರಬೇಕು, ಲೇಬಲ್ ಹರಿದಿರಬಾರದು ಅಂದ. ಪ್ಲಾಸ್ಟಿಕ್ಕಿಗೆ ಲೇಬಲ್ ಯಾಕಪ್ಪ? ಆವತ್ತಿನಿಂದ ಖಾಲಿ ಕ್ಯಾನಿಗೆ ಚಾಕು ಹಾಕಿ ಸೀಳಿ ಕೊಡ್ತೀನಿ. ಕಡಿಮೆ ದುಡ್ಡು ಬರಲಿ.

ಗ್ರೀಸ್_ಕೈ
ಬೆಣ್ಣೆ ಅಣ್ಣನಿಗೆ ನಮಸ್ಕಾರ. ಎಲ್ಲರೂ ಹೀಗೆ ಮಾಡಿದರೆ ನಮ್ಮ ಹೆಸರೂ ಉಳಿಯುತ್ತೆ. ಸೀಲು ನಿಮ್ಮ ಕಣ್ಣೆದುರೇ ಒಡೆಸಿ.

ಜೋಳದ_ಹೊಲ
ಹಳೇ ಆಯಿಲ್ ಏನು ಮಾಡ್ತೀರಿ? ನಾವು ಗೆದ್ದಲಿಗೆ ಅಂತ ಬೇಲಿ ಕಂಬಕ್ಕೆ ಬಳೀತೀವಿ.

ಬಿಳಿ_ಸ್ಕೂಟರ್
ಅದು ಮಳೆಗೆ ತೊಳೆದು ಬೋರ್‌ವೆಲ್ ಕಡೆ ಇಳಿದರೆ? ನಮ್ಮ ಬೀದಿಯಲ್ಲಿ ಒಬ್ಬರು ಚರಂಡಿಗೆ ಸುರೀತಾರೆ, ಹೇಳಿದರೆ ಜಗಳ. 2016ರ ನಿಯಮದಲ್ಲಿ ಅದು ಅಪಾಯಕಾರಿ ತ್ಯಾಜ್ಯ.

ಜೋಳದ_ಹೊಲ
ಬೋರ್‌ವೆಲ್ ದೂರ ಇದೆ ಮೇಡಂ. ಆದರೂ ನೀವು ಹೇಳಿದ ಮೇಲೆ ಯೋಚನೆ ಆಯ್ತು.

ಗ್ರೀಸ್_ಕೈ
ಗ್ಯಾರೇಜಿಗೆ ಕೊಟ್ಟುಬಿಡಿ. ನಮ್ಮಲ್ಲಿಗೆ ಲೈಸೆನ್ಸ್ ಇರೋ ರೀಸೈಕಲ್‌ನವರು ಬಂದು ಡ್ರಮ್ ಲೆಕ್ಕದಲ್ಲಿ ಒಯ್ಯುತ್ತಾರೆ.

ಮಂಡಕ್ಕಿ_ಮಿರ್ಚಿ
ಅಪ್‌ಡೇಟ್ ಕೊಡೋಕೆ ಬಂದೆ. ಭಾನುವಾರ ನಾನೇ ಮಾಡಿದೆ. ಅಪ್ಪ ಕುರ್ಚಿ ಹಾಕಿಕೊಂಡು ಮೇಲ್ವಿಚಾರಣೆ.

ಗ್ರೀಸ್ ಸರ್, ಫಿಲ್ಟರ್ ಬಿಚ್ಚುವಾಗ ಕೆಳಗೆ ಟ್ರೇ ಇಟ್ಟು ಕಾದೆ, ಸುರಿಯುತ್ತೆ ಅಂತ. ನಾಲ್ಕು ಹನಿ ಬಿತ್ತು. ಡಬ್ಬಿ ಕೈಗೆ ಬಂದಾಗ ಹಗುರ, ಖಾಲಿ. ಹೊಸದರ ಸಣ್ಣ ತೂತಿಗೆ ಕಡ್ಡಿ ಹಾಕಿ ಒತ್ತಿದರೆ ರಬ್ಬರು ಮೆತ್ತಗೆ ಒಳಗೆ ಹೋಗಿ ವಾಪಸ್ ಬರುತ್ತೆ. ಹಳೇದರದ್ದು ಹಪ್ಪಳದ ಹಾಗೆ ಸೆಟೆದಿತ್ತು, ಒಂದು ಕಡೆ ಎದ್ದೇ ನಿಂತಿತ್ತು. ಮೇಲೆ ಬರೆದಿದ್ದ ನಂಬರ್ ನನ್ನ ಗಾಡಿಯದ್ದೇ ಅಲ್ಲ. ಹಿಂದಿನ ಮಾಲೀಕರಿಗೆ ಯಾರೋ ಸಿಕ್ಕಿದ್ದು ಹಾಕಿ ಕಳಿಸಿದ್ದಾರೆ.

5ಡಬ್ಲ್ಯು-30, ಎಸ್‌ಎನ್ ಹಾಕಿದೆ. ಹೊಸ ಫಿಲ್ಟರಿನ ರಬ್ಬರ್ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಿದೆ. ರಿಂಗ್ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು, ಡಬ್ಬಿ ಮೇಲೆ ಹಾಗೇ ಬರೆದಿತ್ತು. ಎರಡು ದಿನದಿಂದ ಬೆಳಿಗ್ಗೆ ಸದ್ದಿಲ್ಲ.

ಗ್ರೀಸ್_ಕೈ
ಹಳೇ ರಿಂಗು ಎಂಜಿನ್ನಿಗೆ ಅಂಟಿಕೊಂಡು ಉಳಿದಿರಲಿಲ್ಲ ತಾನೇ? ಅದರ ಮೇಲೇ ಹೊಸದು ಕೂರಿಸಿದವರ ಒಂದು ಗಾಡಿ ನನ್ನ ಹತ್ತಿರ ಬಂದಿತ್ತು. ಹೈವೇ ಮಧ್ಯೆ ಪಿಚಕಾರಿ ಹಾಗೆ ಹಾರಿ ಎಲ್ಲ ಆಯಿಲ್ ಖಾಲಿ.

ಮಂಡಕ್ಕಿ_ಮಿರ್ಚಿ
ಇರಲಿಲ್ಲ ಸರ್, ಡಬ್ಬಿ ಜೊತೆಗೇ ಬಂತು. ಆದರೆ ಕೆಳಗೆ ಆಯಿಲ್ ಇಳಿಸೋ ಡ್ರೇನ್ ಬೋಲ್ಟ್ ಹತ್ತಿರ ದಿನಕ್ಕೊಂದು ಹನಿ ಬೀಳ್ತಿದೆ. ನಾಲ್ಕು ಲೀಟರ್ ಕ್ಯಾನಲ್ಲಿ ಮಿಕ್ಕಿದ್ದನ್ನೂ ಹಾಕಿಬಿಟ್ಟೆ, ಡಿಪ್ ಸ್ಟಿಕ್ಕಿನಲ್ಲಿ ಮೇಲಿನ ಗೆರೆಗಿಂತ ಒಂದು ಬೆರಳು ಜಾಸ್ತಿ ಇದೆ. ಪರವಾಗಿಲ್ವಾ?

ಬೆಣ್ಣೆ_ಜಾಸ್ತಿ
ದೋಸೆಗೆ ಮಾತ್ರ ಜಾಸ್ತಿ ಹಾಕಬಹುದು ಗುರುವೇ.

ಡಿಪ್‌ಸ್ಟಿಕ್
ಪರವಾಗಿಲ್ಲ ಅನ್ನೋ ಹಾಗಿಲ್ಲ! ಒಳಗೆ ತಿರುಗೋ ಕ್ರ್ಯಾಂಕು ಆಯಿಲ್ಲಿಗೆ ತಾಗಿ ಕಡೆದರೆ ನೊರೆ ಬರುತ್ತೆ, ನೊರೆಯನ್ನು ಪಂಪು ಎಳೆಯೋಕಾಗಲ್ಲ. ಜಾಸ್ತಿ ಇರೋದನ್ನು ತೆಗೆಸಿ. ಗಾಡಿ ಸಮತಟ್ಟಾದ ಕಡೆ ನಿಲ್ಲಿಸಿ, ಆಫ್ ಮಾಡಿ ಐದು ನಿಮಿಷ ಬಿಟ್ಟು ನೋಡಿ. ಎರಡು ಗೆರೆ ನಡುವೆ ಇದ್ದರೆ ಸಾಕು.

ಗ್ರೀಸ್_ಕೈ
ಬೋಲ್ಟಿನ ಹಳೇ ವಾಷರನ್ನೇ ಹಾಕಿದ್ರಾ?

ಮಂಡಕ್ಕಿ_ಮಿರ್ಚಿ
ವಾಷರ್ ಬೇರೆ ಬದಲಿಸಬೇಕಾ?

ಗ್ರೀಸ್_ಕೈ
ಬದಲಿಸಬೇಕು. ಒಂದು ಸಲ ಅಮುಕಿದ ವಾಷರ್ ಮತ್ತೆ ಕೂರಲ್ಲ. ಹನಿ ನಿಲ್ಲಲಿ ಅಂತ ಬೋಲ್ಟ್ ಮಾತ್ರ ಬಿಗಿ ಮಾಡೋಕೆ ಹೋಗಬೇಡಿ, ಚೇಂಬರಿನ ಥ್ರೆಡ್ ಹೋದರೆ ಖರ್ಚು ಬೇರೆ ಲೆಕ್ಕ. ಬನ್ನಿ ಹರಿಹರಕ್ಕೆ. ಜಾಸ್ತಿ ಇರೋ ಆಯಿಲ್ಲೂ ತೆಗೆದು, ವಾಷರೂ ಹಾಕಿ ಕೊಡ್ತೀನಿ. ಅಲ್ಲಿಂದ ಇಲ್ಲಿಗೆ ಬಂದರೆ ನಿಮ್ಮ ಎಂಜಿನ್ನೂ ಒಂದು ಸಲ ಬಿಸಿಯಾಗುತ್ತೆ.

ಕೋಟೆ_ಹುಡುಗ
ಹರಿಹರಕ್ಕೆ ಹೋಗಿ ಬಂದ ಮೇಲಾದರೂ ಮೈಲೇಜ್ ಹೇಳಿ.